ಗಣಿ ಬರಿದಾದ ಮೇಲೆ: ಲಿಂಬರ್ಗಿನ ಸೈಕಲ್ ಹಾದಿಗಳು

ಗಣಿಯೆಂಬ ಮಾತು ಕಿವಿಗೆ ಬಿದ್ದೊಡನೆಯೇ ನಮ್ಮ ನಾಡಿನವರಿಗೆ ಕೋಲಾರದ ಚಿನ್ನದ ಗಣಿಗಳು ನೆನಪಿಗೆ ಬರುವುದು ಸಹಜವಾಗಿದೆ. ಸುಮಾರು ನೂರಿಪ್ಪತ್ತು ವರ್ಷಗಳ ಕಾಲ ನಡೆದ ಆ ಗಣಿಗಳು 2001ನೆಯ ಇಸವಿಯಲ್ಲಿ ಮುಚ್ಚಲ್ಪಟ್ಟವು. ಭೂಮಿಯ ಒಡಲಲ್ಲಿದ್ದುದನ್ನು ತೆಗೆದು ಮುಗಿಸಿದ ಮೇಲೆ ಮೇಲಣ ನೆಲವು ಏನಾಗಬೇಕು? ಆ ಗಣಿಯನ್ನೇ ನಂಬಿ ಬಂದು ನೆಲೆಸಿದ್ದ ಸಂಸಾರಗಳು ಏನು ಮಾಡಬೇಕು? ಈ ಪ್ರಶ್ನೆಯು ಒಂದು ಊರಿನದಲ್ಲ, ಒಂದು ದೇಶದ್ದೂ ಅಲ್ಲ. ಯುರೋಪು ಖಂಡದ ಬೆಲ್ಜಿಯಂ ದೇಶದಲ್ಲಿ ಲಿಂಬರ್ಗ್ ಎಂಬ ಪ್ರಾಂತವು ಈ ಪ್ರಶ್ನೆಗೆ ತನ್ನದೇ ಆದ ಒಂದು ಉತ್ತರವನ್ನು ಕಂಡುಕೊಂಡಿದೆ. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ವಿವರಿಸಿ ಹೇಳುವುದು ಉಪಯುಕ್ತವೆಂದು ಎಣಿಸಿ ಈ ಲೇಖನವನ್ನು ಬರೆಯುತ್ತಿದ್ದೇವೆ. ಇದೇ ಹೆಸರಿನ ಪ್ರಾಂತವು ನೆರೆಯ ನೆದರ್ಲೆಂಡ್ಸಿನಲ್ಲಿಯೂ ಉಂಟು. ನಾವು ಇಲ್ಲಿ ಹೇಳುವುದು ಬೆಲ್ಜಿಯಂ ದೇಶದ ಲಿಂಬರ್ಗಿನ ಸಂಗತಿಯನ್ನು ಮಾತ್ರ.

ನೂರಿಪ್ಪತ್ತೈದು ವರ್ಷಗಳ ಕೆಳಗೆ ಆ ಪ್ರಾಂತದ ಉತ್ತರಭಾಗವು ಬಡ ನೆಲವಾಗಿತ್ತು. ಮರಳುಭೂಮಿ, ಅದರ ಮೇಲೆ ಹೀದರ್ ಎಂಬ ಕುರುಚಲು ಗಿಡದ ಬಯಲು, ಅಲ್ಲಲ್ಲಿ ಸಣ್ಣ ಹಳ್ಳಿಗಳು. ಆಗಸ್ಟ್ ತಿಂಗಳಲ್ಲಿ ಈ ಗಿಡವು ಹೂಬಿಟ್ಟು ಬಯಲೆಲ್ಲವೂ ನೇರಳೆಯ ಬಣ್ಣವನ್ನು ತಾಳುತ್ತದೆ. ಆ ಸೊಬಗನ್ನು ಚಿತ್ರಿಸುವುದಕ್ಕೋಸ್ಕರ ಗೆಂಕ್ ಎಂಬ ಹಳ್ಳಿಗೆ ದೂರದೂರದಿಂದ ಚಿತ್ರಕಾರರು ಬರುತ್ತಿದ್ದರು. ಹೀಗಿರಲು 1901ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ಆಂದ್ರೆ ದ್ಯೂಮೋ ಎಂಬ ಭೂಗರ್ಭಶಾಸ್ತ್ರಜ್ಞರು ಆಸ್ ಎಂಬ ಹಳ್ಳಿಯಲ್ಲಿ ಭೂಮಿಗೆ ಬೈರಿಗೆಯನ್ನು ಇಳಿಸಿ, 541 ಮೀಟರು ಆಳದಲ್ಲಿ ಕಲ್ಲಿದ್ದಲನ್ನು ಕಂಡರು. ಅಂದಿನಿಂದ ಆ ನಾಡಿನ ಚರಿತ್ರೆಯೇ ಬದಲಾಯಿತು. 1917ರಲ್ಲಿ ವಿಂಟರ್‌ಸ್ಲಾಗಿನಲ್ಲಿ ಇದ್ದಲು ತೆಗೆಯಲಾರಂಭಿಸಿದರು. ಅದರ ತರುವಾಯ ಬೇರಿಂಗೆನ್, ಐಸ್ಡೆನ್, ವಾಟರ್‌ಸ್ಕೈ, ಜ್ವಾರ್ಟ್‌ಬರ್ಗ್, ಜೋಲ್ಡರ್, ಹೌಟ್‌ಹಾಲೆನ್ ಎಂಬಲ್ಲಿ ಒಂದರ ಹಿಂದೆ ಒಂದರಂತೆ ಗಣಿಗಳು ತೆರೆಯಲ್ಪಟ್ಟು ಅವುಗಳ ಸಂಖ್ಯೆ ಏಳಕ್ಕೇರಿತು. ಸುರಂಗದ ಚಾವಣಿಗೆ ಆಸರೆಯಾಗಿ ನಿಲ್ಲಿಸುವ ಮರದ ಕಂಬಗಳಿಗಾಗಿ ಹೀದರ್ ಬಯಲುಗಳಲ್ಲಿ ಪೈನ್ ಮರಗಳನ್ನು ಸಾಲುಸಾಲಾಗಿ ನೆಟ್ಟರು. ಇದ್ದಲನ್ನು ಸಾಗಿಸಲು ರೈಲು ಹಾದಿಗಳಾದವು. ಇದ್ದಲಿನೊಡನೆ ಮೇಲೆ ಬಂದ ನಿಷ್ಪ್ರಯೋಜಕವಾದ ಕಪ್ಪು ಕಲ್ಲನ್ನು ಗಣಿಬಾಯಿಯ ಬಳಿಯಲ್ಲೇ ಸುರಿಯುತ್ತ ಹೋದುದರಿಂದ ಮಟ್ಟಸವಾದ ಆ ಸೀಮೆಯಲ್ಲಿ ಗುಡ್ಡಗಳೆದ್ದವು.

ಇದ್ದಲನ್ನು ಅಗೆಯಲು ಆ ಸೀಮೆಯ ಜನರು ಸಾಲದಾದರು. ಪೋಲೆಂಡಿನಿಂದಲೂ, ಎರಡನೆಯ ಮಹಾಯುದ್ಧದ ಬಳಿಕ 1946ರ ಒಪ್ಪಂದದಂತೆ ಇಟಲಿಯಿಂದಲೂ ಕೆಲಸಗಾರರು ಬಂದರು. 1956ರಲ್ಲಿ ಬೆಲ್ಜಿಯಂ ದೇಶದ ದಕ್ಷಿಣಭಾಗದ ಮಾರ್ಸಿನೆಲ್ ಗಣಿಯಲ್ಲಿ ಬೆಂಕಿ ಬಿದ್ದು 262 ಮಂದಿ ಸತ್ತರು. ಅವರಲ್ಲಿ 136 ಮಂದಿ ಇಟಲಿಯವರು. ಆ ದುಃಖದ ಬಳಿಕ ಇಟಲಿಯಿಂದ ಜನರು ಬರುವುದು ನಿಂತುಹೋಗಲು ಸ್ಪೇನ್, ಗ್ರೀಸ್, ತುರ್ಕಿ, ಮೊರಾಕೊ ದೇಶಗಳಿಂದ ಜನರನ್ನು ಕರೆಯಿಸಿಕೊಂಡರು. ಹೀಗೆ ಒಂದೇ ಬೀದಿಯಲ್ಲಿ ಹತ್ತು ಭಾಷೆಗಳನ್ನು ಕೇಳಬಹುದಾಯಿತು. ಎಲ್ಲರ ಮುಖಗಳ ಮೇಲೂ ಒಂದೇ ಕಪ್ಪು ಧೂಳು. ಅನೇಕರ ಶ್ವಾಸಕೋಶಗಳಲ್ಲಿಯೂ ಅದೇ ಧೂಳು ತುಂಬಿ ಆಯುಸ್ಸನ್ನು ಕಡಿಮೆ ಮಾಡಿತು. ಇಂದು ಆ ಹಾದಿಗಳಲ್ಲಿ ಸುಖವಾಗಿ ಸೈಕಲ್ ತುಳಿಯುವವರು ಇದನ್ನು ಮರೆಯಲಾಗದು.

ಅಗೆಯುವ ಖರ್ಚು ಇದ್ದಲಿನ ಬೆಲೆಯನ್ನು ಮೀರಿದಾಗ ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದವು. 1966ರಲ್ಲಿ ಜ್ವಾರ್ಟ್‌ಬರ್ಗ್ ಗಣಿಯನ್ನು ಮುಚ್ಚುವ ಸುದ್ದಿಯಿಂದ ದೊಂಬಿಯೆದ್ದು ಎರಡು ಜೀವಗಳು ಹೋದವು. 1987ರಿಂದ ಮುಂದಕ್ಕೆ ಉಳಿದವುಗಳಿಗೂ ಬೀಗ ಬಿದ್ದಿತು. ಕಟ್ಟಕಡೆಗೆ 1992ರ ಸೆಪ್ಟೆಂಬರಿನಲ್ಲಿ ಜೋಲ್ಡರ್ ಗಣಿಯೂ ನಿಂತಿತು. ಆಗ ಕಣ್ಣಮುಂದಿದ್ದುದಾದರೂ ಏನು? ತುಕ್ಕು ಹಿಡಿಯುವ ಗೋಪುರಗಳು, ರೈಲಿಲ್ಲದ ರೈಲು ಹಾದಿಗಳು, ಕಪ್ಪು ಕಲ್ಲಿನ ಗುಡ್ಡಗಳು, ಕಡಿಯುವವರಿಲ್ಲದ ಪೈನ್ ತೋಪುಗಳು. ಇವೆಲ್ಲವನ್ನು ನೆಲಸಮ ಮಾಡಿ ಗಣಿಯ ಗುರುತೇ ಇಲ್ಲದಂತೆ ಮಾಡಿಬಿಡೋಣವೆಂಬ ಯೋಚನೆಯೂ ಇತ್ತು. ಕೆಲವನ್ನು ಕೆಡವಿದ್ದೂ ಉಂಟು. ಆದರೆ ಉಳಿದುದನ್ನು ಉಳಿಸಿಕೊಂಡು, ಒಂದಕ್ಕೊಂದು ಜೋಡಿಸಿದರೆ ಅದೇ ಒಂದು ಸಂಪತ್ತಾಗುವುದೆಂದು ಕಂಡವರು ಕೆಲವರಿದ್ದರು.

ಈ ಜೋಡಣೆಯ ಕೆಲಸದಲ್ಲಿ ಮುಖ್ಯರಾದವರು ಹ್ಯೂಗೊ ಬೊಲೆನ್ ಎಂಬವರು. ಇವರು ಗಣಿಯ ಇಂಜಿನಿಯರರು ಎಂಬುದನ್ನು ವಾಚಕರು ಗಮನಿಸಬೇಕು. ಇವರು ಯೋಚಿಸಿದ ಕ್ರಮವು ಅತ್ಯಂತ ಸರಳವಾದುದು. ಸಾಮಾನ್ಯವಾಗಿ ಪ್ರವಾಸಿಗಳಿಗೆ ‘ಇಂಥ ಸುತ್ತು’ ಎಂದು ಒಂದು ದಾರಿಯನ್ನು ಗುರುತಿಸಿ, ಮೊದಲಿಂದ ಕಡೆಯವರೆಗೆ ಅದನ್ನೇ ಹಿಡಿದು ಹೋಗಬೇಕೆನ್ನುವುದು ವಾಡಿಕೆ. ದಣಿದರೂ ಸರಿಯೇ, ಮಳೆ ಬಂದರೂ ಸರಿಯೇ, ನಡುವೆ ಬಿಡುವಂತಿಲ್ಲ. ಬೊಲೆನ್ನರಾದರೋ ಸುತ್ತುಗಳನ್ನು ಬಿಟ್ಟು, ಮೋಟಾರುಗಳ ಕಾಟವಿಲ್ಲದ ಒಳ್ಳೆಯ ಹಾದಿಗಳು ಒಂದನ್ನೊಂದು ಸಂಧಿಸುವ ಸ್ಥಳಗಳನ್ನು ಹಿಡಿದರು. ಪ್ರತಿಯೊಂದು ಸಂಧಿಗೂ ಒಂದು ಅಂಕಿ. ಆ ಸಂಧಿಯಲ್ಲಿ ನಿಲ್ಲಿಸಿದ ಫಲಕದಲ್ಲಿ ಅಲ್ಲಿಂದ ಹೊರಡುವ ಹಾದಿಗಳು ಮುಂದೆ ಯಾವ ಅಂಕಿಗೆ ಮುಟ್ಟುವುವೆಂಬ ಬಾಣದ ಗುರುತು.

ದೃಷ್ಟಾಂತಕ್ಕಾಗಿ, ಒಬ್ಬ ತಾಯಿಯು ತನ್ನ ಇಬ್ಬರು ಮಕ್ಕಳೊಡನೆ 7 ಎಂಬ ಅಂಕಿಯ ಬಳಿಯಿಂದ ಹೊರಡುವಳೆಂದು ಇಟ್ಟುಕೊಳ್ಳೋಣ. ಮನೆಯಲ್ಲೇ ನಕ್ಷೆಯನ್ನು ನೋಡಿ 7, 12, 31, 30, 7 ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅವಳ ಪ್ರಯಾಣವು ಸಿದ್ಧವಾಯಿತು. ಹನ್ನೆರಡಕ್ಕೆ ಬಂದಾಗ ಕಿರಿಯವನು ದಣಿದರೆ, ಅಲ್ಲಿಂದ ನೇರವಾಗಿ ಮೂವತ್ತಕ್ಕೆ ಹೋಗುವ ಹಾದಿಯಿದ್ದಲ್ಲಿ ಅದನ್ನೇ ಹಿಡಿದು ಬೇಗನೆ ಹಿಂದಿರುಗಬಹುದು. ಭಾಷೆ ಬಾರದವರಿಗೂ ಅಂಕಿಗಳು ತಿಳಿಯುತ್ತವೆ. ಯಾರನ್ನೂ ದಾರಿ ಕೇಳಬೇಕಾಗಿಲ್ಲ. ದಾರಿ ತಪ್ಪುವ ಭಯವಿಲ್ಲ. ಹೆಂಗಸರು ಒಂಟಿಯಾಗಿ ದೂರ ಹೋಗಲು ಧೈರ್ಯ ಬರುವುದು ಇಂಥ ಸಣ್ಣ ಏರ್ಪಾಡುಗಳಿಂದಲೇ ಎಂಬುದನ್ನು ನಮ್ಮ ವಾಚಕಿಯರಿಗೆ ಹೇಳಬೇಕಾಗಿಲ್ಲ. 1995ರಲ್ಲಿ ಮೊದಲಾದ ಈ ಅಂಕಿಗಳ ಜಾಲವು ಈಗ ಲಿಂಬರ್ಗ್ ಒಂದರಲ್ಲೇ ಸುಮಾರು ಎರಡು ಸಾವಿರ ಕಿಲೋಮೀಟರುಗಳಷ್ಟು ಹಬ್ಬಿದೆ. ನೆದರ್ಲೆಂಡ್ಸಿನವರೂ ಜರ್ಮನಿಯ ಕೆಲವು ಪ್ರಾಂತಗಳವರೂ ಇದನ್ನು ತಮ್ಮದಾಗಿ ಮಾಡಿಕೊಂಡಿದ್ದಾರೆ.

ಇನ್ನು ಈ ಹಾದಿಗಳಲ್ಲಿ ಹೋಗುವವರಿಗೆ ಕಾಣುವುದೇನೆಂಬುದನ್ನು ಹೇಳೋಣ. ಹಳೆಯ ಇದ್ದಲು ರೈಲು ಹಾದಿಯ ಕೆಲವು ಭಾಗಗಳು ಈಗ ಸೈಕಲ್ ಹಾದಿಗಳಾಗಿವೆ. ಭಾರವಾದ ಗಾಡಿಗಳಿಗಾಗಿ ಹಾಕಿದ ರೈಲು ಹಾದಿಯಲ್ಲಿ ಕಡಿದಾದ ಏರು ಇರುವುದಿಲ್ಲವಾದ್ದರಿಂದ ಮುದುಕರಿಗೂ ಮಕ್ಕಳಿಗೂ ಅದು ಅನುಕೂಲವಾಗಿರುತ್ತದೆ. ವಿಂಟರ್‌ಸ್ಲಾಗ್ ಗಣಿಯ ಕಟ್ಟಡಗಳಲ್ಲಿ ಈಗ ಕಲಾಶಾಲೆಯೂ ನಾಟಕಮಂದಿರವೂ ಇವೆ. ಗಣಿಬಾಯಿಯ ಮೇಲಣ ಉಕ್ಕಿನ ಗೋಪುರಗಳು ಹಾಗೆಯೇ ನಿಂತಿವೆ. ಬೇರಿಂಗೆನ್ನಿನಲ್ಲಿ ಅರುವತ್ತು ಮೀಟರು ಎತ್ತರದ ಕಪ್ಪು ಕಲ್ಲಿನ ಗುಡ್ಡದ ಮೇಲೆ 2016ರಲ್ಲಿ ಮಕ್ಕಳು ಹತ್ತಿ ಆಡುವ ಸ್ಥಳವನ್ನು ಮಾಡಿದರು. ಅಲ್ಲಿ ಸುಮಾರು 1600 ಮರದ ಕಂಬಗಳನ್ನು ನೆಟ್ಟಿದ್ದಾರೆ. ಅವು ಸುರಂಗದ ಆಸರೆಗಂಬಗಳ ನೆನಪಿಗಾಗಿ. ಅಜ್ಜನು ಯಾವ ಕಂಬಗಳ ನಡುವೆ ಬೆನ್ನು ಬಗ್ಗಿಸಿ ದುಡಿದನೋ ಅಂಥವುಗಳ ನಡುವೆ ಮೊಮ್ಮಗಳು ಹಗಲ ಬೆಳಕಿನಲ್ಲಿ ಓಡಿಯಾಡುತ್ತಾಳೆ.

ಐಸ್ಡೆನ್ನಿನ ಸಮೀಪದ ಮರಳು ಮತ್ತು ಜಲ್ಲಿಯ ಗುಂಡಿಗಳಲ್ಲಿ ನೀರು ನಿಂತು ಕೆರೆಗಳಾಗಿವೆ. ಇವುಗಳನ್ನೂ ಗಣಿಯ ಗುಡ್ಡಗಳನ್ನೂ ಹೀದರ್ ಬಯಲನ್ನೂ ಪೈನ್ ಕಾಡನ್ನೂ ಒಟ್ಟುಗೂಡಿಸಿ 2006ರಲ್ಲಿ ‘ಹೋಗೆ ಕೆಂಪೆನ್’ ಎಂಬ ರಾಷ್ಟ್ರೀಯ ಉದ್ಯಾನವನ್ನು ತೆರೆದರು. ಬೆಲ್ಜಿಯಂ ದೇಶದಲ್ಲಿ ಇದೇ ಮೊದಲನೆಯದು. ಆರಂಭದಲ್ಲಿ ಅದರ ವಿಸ್ತಾರವು ಸುಮಾರು ಹದಿನಾಲ್ಕು ಸಾವಿರ ಎಕರೆ. ಆಮೇಲೆ ಇನ್ನೂ ಹೆಚ್ಚಿಸಲ್ಪಟ್ಟಿದೆ. ಬಿಸಿಲಿಗೆ ಬೇಗ ಕಾಯುವ ಕಪ್ಪು ಕಲ್ಲಿನ ಇಳಿಜಾರುಗಳಲ್ಲಿ ಬೆಚ್ಚನೆಯ ನೆಲವನ್ನು ಬಯಸುವ ಗಿಡಗಳೂ ಕೀಟಗಳೂ ತಾವಾಗಿಯೇ ಬಂದು ನೆಲೆಸಿವೆ.

ಇತ್ತೀಚೆಗೆ ಮೂರು ವಿಶೇಷವಾದ ಹಾದಿಗಳು ಸೇರಿವೆ. 2016ರಲ್ಲಿ ಬೋಕ್ರೈಕ್ ಎಂಬಲ್ಲಿ ಕೊಳವೊಂದರ ನಡುವೆ ಇನ್ನೂರು ಮೀಟರಿಗಿಂತ ತುಸು ಉದ್ದದ ಹಾದಿಯನ್ನು ನೀರಿನ ಮಟ್ಟಕ್ಕಿಂತ ಕೆಳಗೆ ಕಟ್ಟಿದರು. ಇಕ್ಕೆಲಗಳಲ್ಲಿಯೂ ನೀರು ಸವಾರನ ಕಣ್ಣಿನ ಸಮಕ್ಕೆ ಇರುತ್ತದೆ, ಬಾತುಗಳು ಪಕ್ಕದಲ್ಲೇ ಈಜುತ್ತವೆ. 2019ರಲ್ಲಿ ಹೆಕ್ಟೆಲ್-ಎಕ್ಸೆಲ್ ಎಂಬಲ್ಲಿ ಪೈನ್ ಕಾಡಿನೊಳಗೆ ಏಳುನೂರು ಮೀಟರು ಉದ್ದದ ವೃತ್ತಾಕಾರದ ಸೇತುವೆಯನ್ನು ಎತ್ತಿದರು. ಅದು ನಿಧಾನವಾಗಿ ಏರುತ್ತ ಹತ್ತು ಮೀಟರು ಎತ್ತರಕ್ಕೆ, ಮರಗಳ ಕೊಂಬೆಗಳ ನಡುವಿಗೆ ಒಯ್ಯುತ್ತದೆ. 2021ರಲ್ಲಿ ಮಾಸ್‌ಮೆಕೆಲೆನ್ ಬಳಿ ಹೀದರ್ ಬಯಲಿನ ಮೇಲೆ ಮರದ ಸೇತುವೆಯಾಯಿತು. ಇವು ಮೂರೂ ಗಣಿಗಳಿಂದ ಉಳಿದುಬಂದವುಗಳಲ್ಲ, ಹೊಸದಾಗಿ ಕಟ್ಟಿದವು. ಆದರೆ ಅಂಕಿಗಳ ಜಾಲವು ಮೊದಲೇ ಇದ್ದುದರಿಂದಲೇ ಇವಕ್ಕೆ ಬೆಲೆ ಬಂದಿತು. ಜಾಲವಿಲ್ಲದೆ ಕಟ್ಟಿದ್ದರೆ ಮೋಟಾರಿನಲ್ಲಿ ಬಂದು ನೋಡಿ ಹೋಗುವ ವಿನೋದಗಳು ಮಾತ್ರವಾಗುತ್ತಿದ್ದವು.

ಇಷ್ಟನ್ನು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. ಸೈಕಲ್ ಹಾದಿಯು ಅನ್ನಕ್ಕೆ ಬದಲಲ್ಲ. ಗಣಿಗಳು ಹಲವು ಹತ್ತು ಸಾವಿರ ಮಂದಿಗೆ ಕೂಲಿಯನ್ನು ಕೊಡುತ್ತಿದ್ದವು. ಪ್ರವಾಸಿಗಳಿಗೆ ಕಾಫಿಯನ್ನೂ ತಂಗುವ ಕೋಣೆಯನ್ನೂ ಒದಗಿಸುವ ಕೆಲಸಗಳು ಅಷ್ಟಾಗಲಾರವು. 1964ರಲ್ಲಿ ಗೆಂಕಿನಲ್ಲಿ ಆರಂಭವಾದ ಫೋರ್ಡ್ ಮೋಟಾರು ಕಾರ್ಖಾನೆಯು ಬಹುಮಂದಿಗೆ ಆಸರೆಯಾಗಿತ್ತು. 2014ರಲ್ಲಿ ಅದೂ ಮುಚ್ಚಿದಾಗ ಆ ಪ್ರಾಂತಕ್ಕೆ ಎರಡನೆಯ ಪೆಟ್ಟು ಬಿದ್ದಿತು. ಅಲ್ಲದೆ, ಅಗೆದ ನೆಲವು ಕುಸಿದು ತಗ್ಗಾದ ಪ್ರದೇಶಗಳಿಂದ ನೀರನ್ನು ಪಂಪುಗಳಿಂದ ಎತ್ತುತ್ತಲೇ ಇರಬೇಕಾಗಿದೆ. ಗಣಿಯ ಸಾಲವು ಗಣಿಯೊಡನೆ ತೀರುವುದಿಲ್ಲ.

ಹಾಗಾದರೆ ಕೋಲಾರದ ಗಣಿಪ್ರದೇಶದಲ್ಲಿಯೂ ನಾಳೆಯೇ ಹಾದಿಗಳನ್ನು ಹಾಕಬಹುದೇ ಎಂದು ಯಾರಾದರೂ ಕೇಳಬಹುದು. ಒಂದು ದೊಡ್ಡ ವ್ಯತ್ಯಾಸವನ್ನು ಮರೆಯಬಾರದು. ಲಿಂಬರ್ಗಿನ ಗುಡ್ಡಗಳು ಬಹುತೇಕ ಒಡೆದ ಕಲ್ಲಿನವು. ನಮ್ಮಲ್ಲಿಯ ‘ಸೈನೈಡ್ ದಿಬ್ಬ’ಗಳಾದರೋ ಚಿನ್ನವನ್ನು ಬೇರ್ಪಡಿಸುವುದಕ್ಕೆ ಅರೆದು ನುಣ್ಣಗೆ ಮಾಡಿದ ಪುಡಿ, ಗಾಳಿ ಬೀಸಿದರೆ ಅದು ಮನೆಗಳೊಳಕ್ಕೂ ಮಕ್ಕಳ ಎದೆಯೊಳಕ್ಕೂ ಹೋಗುವಂಥದು. ಮೊದಲು ಆ ಧೂಳು ಕಟ್ಟಲ್ಪಡಬೇಕು; ಆಮೇಲೆ ವಿಹಾರದ ಮಾತು. ಅಲ್ಲಿಯ ಅನೇಕರು ಇಂದಿಗೂ ನಸುಕಿನಲ್ಲೆದ್ದು ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ಕತ್ತಲಾದ ಮೇಲೆ ಹಿಂದಿರುಗುತ್ತಾರೆ. ಅವರಿಗೆ ಬೇಕಾದುದೇನೆಂಬುದನ್ನು ಅವರನ್ನೇ ಕೇಳಿ ತಿಳಿಯುವುದು ಮೊದಲ ಕರ್ತವ್ಯ.

ಆದರೂ ಲಿಂಬರ್ಗಿನಿಂದ ಕಲಿಯಬೇಕಾದ ಪಾಠವೊಂದು ಉಂಟು. ಅಲ್ಲಿ ಉಪಕಾರಕ್ಕೆ ಬಂದುದು ಗಣಿಯವರದೇ ಸ್ವತ್ತು: ಅವರ ರೈಲು ಹಾದಿ, ಅವರು ಸುರಿದ ಕಲ್ಲು, ಅವರು ನೆಟ್ಟ ಕಾಡು, ಅವರಲ್ಲೊಬ್ಬ ಇಂಜಿನಿಯರರ ಬುದ್ಧಿ. ತಂದೆಗಳ ದುಡಿಮೆಯ ಗುರುತುಗಳನ್ನು ನಾಚಿಕೆಯಿಂದ ಅಳಿಸಿಹಾಕದೆ, ಅವುಗಳನ್ನು ಮಕ್ಕಳ ಸಂಚಾರಕ್ಕೆ ತೆರೆದುಕೊಟ್ಟರು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿಯೂ ವೈದ್ಯರಾಗಿಯೂ ಪಂಚಾಯಿತಿಯ ಸದಸ್ಯರಾಗಿಯೂ ಇರುವವರುಂಟು. ತಮ್ಮ ತಮ್ಮ ಊರುಗಳಲ್ಲಿ ನಿಂತುಹೋದ ಕಲ್ಲುಗಣಿಯನ್ನೋ, ಹೂಳು ತುಂಬಿದ ಕೆರೆಯ ಏರಿಯನ್ನೋ, ಕೈಬಿಟ್ಟ ರೈಲು ಹಾದಿಯನ್ನೋ ಕಂಡಾಗ ಅದನ್ನು ಪಾಳೆಂದು ತಳ್ಳಿಬಿಡದೆ, ಇದು ಯಾವುದಕ್ಕೆ ಕೂಡಿಕೊಂಡರೆ ದಾರಿಯಾದೀತೆಂದು ಒಂದು ಗಳಿಗೆ ನಿಂತು ನೋಡಬೇಕೆಂಬುದೇ ನಮ್ಮ ಅರಿಕೆ.