ಸರ್ವರಿನ ಸುಳ್ಳು ಜ್ವರ

ಡಬ್ಲಿನ್‌ನಲ್ಲಿ ಜನವರಿ. ಹೊರಗೆ ನಾಲ್ಕೈದು ಡಿಗ್ರಿ, ಒಳಗೆ ರ್‍ಯಾಕ್ ಸಾಲುಗಳ ನಡುವೆಯೂ ತಣ್ಣನೆ ಗಾಳಿ. ಅಷ್ಟರಲ್ಲಿ ಒಂದು ಸರ್ವರ್ ತನ್ನ ಮದರ್‌ಬೋರ್ಡ್ 127 ಡಿಗ್ರಿ ಕಾದಿದೆ ಎಂದು ಅಲಾರಂ ಹೊಡೆಯುತ್ತದೆ. ನೀರು ಕುದಿಯುವುದೇ ನೂರಕ್ಕೆ! ಇದು ಸುಳ್ಳು ಎನ್ನಲು ಎಂಜಿನಿಯರ್ ಬೇಕಿಲ್ಲ. ಆದರೆ ಎಲ್ಲಿಂದ ಹುಟ್ಟಿದ ಸುಳ್ಳು ಎಂದು ಹೇಳಲು ಪಳಗಿದ ಕೈ ಬೇಕು. ಅಂಥವರು ಓಡಿಹೋಗಿ ಯಂತ್ರ ಆರಿಸುವುದೂ ಇಲ್ಲ, ಅಲಾರಂ ಮುಚ್ಚಿ ಚಹಾಕ್ಕೆ ಹೋಗುವುದೂ ಇಲ್ಲ. ಆ ಅಂಕಿಯ ಮುಖವನ್ನೇ ನೋಡುತ್ತ ಕೂರುತ್ತಾರೆ. 120 ಅಲ್ಲ, 130 ಅಲ್ಲ, 127 ಯಾಕೆ?

ಎಂಟು ಬಿಟ್‌ಗಳಲ್ಲಿ, ಮೈನಸ್ ಲೆಕ್ಕವನ್ನೂ ಸೇರಿಸಿ ಬರೆದರೆ, ಹಿಡಿಯುವ ಅತಿ ದೊಡ್ಡ ಸಂಖ್ಯೆ 127, ಅತಿ ಚಿಕ್ಕದು ಮೈನಸ್ 128. ಸೆನ್ಸರ್ ಚಿಪ್ಪಿನ ಒಂದು ಕಾಲಿಗೆ ಏನನ್ನೂ ಜೋಡಿಸದೆ ಬಿಟ್ಟಿದ್ದರೆ ಅಳತೆ ಹೀಗೆ ಯಾವುದಾದರೊಂದು ತುದಿಗೆ ಹೋಗಿ ಅಂಟಿಕೊಳ್ಳುತ್ತದೆ. ಚಿಪ್ಪೇ ಉತ್ತರಿಸದಿದ್ದರೆ ಬೇರೆ ಅಂಕಿ. ಅದನ್ನು ಓದುವ ತಂತಿಗಳು ಸುಮ್ಮನಿದ್ದಾಗ ಮೇಲಿನ ವೋಲ್ಟೇಜಿನಲ್ಲಿರುತ್ತವಾದ್ದರಿಂದ ಎಂಟೂ ಬಿಟ್‌ಗಳು 1 ಎಂದೇ ಓದಿಸಿಕೊಳ್ಳುತ್ತವೆ. ಪರದೆಯ ಮೇಲೆ 255 ಕಾಣುತ್ತದೆ, ಇಲ್ಲವೇ ಮೈನಸ್ 1. ಬಿಸಿಗೆ ತಕ್ಕಂತೆ ರೋಧ ಬದಲಿಸುವ ಥರ್ಮಿಸ್ಟರಿನ ಕಥೆ ಮತ್ತೊಂದು. ಸಾಮಾನ್ಯವಾಗಿ ಬಳಸುವ ಜಾತಿಯದು ಬಿಸಿಯಾದಂತೆ ರೋಧ ಕಳೆದುಕೊಳ್ಳುತ್ತದೆ. ತಂತಿ ಕಡಿದರೆ ರೋಧ ಅಪಾರವಾಗಿ ಸರ್ವರ್ ಹಿಮಾಲಯ ಏರಿದಂತೆ ತೋರುತ್ತದೆ, ಶಾರ್ಟ್ ಆದರೆ ಬೆಂಕಿ ಬಿದ್ದಂತೆ. ಒಂದೇ ಅಂಕಿಯಲ್ಲಿ ಇಷ್ಟೆಲ್ಲ ಓದಲು ಬರುತ್ತದೆ. ಈ ಓದು ನನಗಂತೂ ಆ ಕೆಲಸದ ಅತ್ಯಂತ ಸೊಗಸಿನ ಭಾಗ.

ನಿಜವಾದ ಬಿಸಿಗೆ ಇನ್ನೊಂದು ಗುಣವಿದೆ: ಅದಕ್ಕೆ ಸಮಯ ಬೇಕು. ಲೋಹದ ಹೀಟ್‌ಸಿಂಕ್, ದಪ್ಪ ಬೋರ್ಡು ಇವೆಲ್ಲ ಕಾಯುತ್ತ ಕಾಯುತ್ತ ಮೇಲೇರಬೇಕು. ಒಂದು ಓದಿನಲ್ಲಿ 31, ಮುಂದಿನದರಲ್ಲಿ 127, ಮತ್ತೆ 31 ಎಂದು ಲಾಗ್ ತೋರಿಸಿದರೆ ಅದು ಬಿಸಿಯಲ್ಲ, ಮಾತು ಕೆಟ್ಟಿರುವುದು. ದಿನಗಟ್ಟಲೆ ಒಂದು ಡಿಗ್ರಿಯೂ ಅಲುಗದ ಅಂಕಿಯನ್ನೂ ಅಷ್ಟೇ ಅನುಮಾನದಿಂದ ನೋಡಬೇಕು. ಅಲಾರಂ ಹೊಡೆಯದ ಸುಳ್ಳು ಅದು.

ಈ ಲಾಗ್ ಇಡುವುದು ಬಿಎಂಸಿ ಎಂಬ ಪುಟ್ಟ ಕಂಪ್ಯೂಟರು. ಮದರ್‌ಬೋರ್ಡಿನ ಮೇಲೆಯೇ ಕೂತು, ಸರ್ವರ್ ಆಫ್ ಆಗಿದ್ದರೂ ಕರೆಂಟಿನ ತಂತಿ ಸಿಕ್ಕಿಸಿರುವವರೆಗೆ ಎಚ್ಚರವಾಗಿರುತ್ತದೆ. ಅದರೊಂದಿಗೆ ಮಾತಾಡುವ ಐಪಿಎಂಐ ಎಂಬ ಒಪ್ಪಂದವನ್ನು 1998ರಲ್ಲಿ ಇಂಟೆಲ್, ಎಚ್‌ಪಿ, ಎನ್‌ಇಸಿ, ಡೆಲ್ ಕಂಪನಿಗಳು ಕೂಡಿ ಹೊರತಂದವು. ಒಂದೊಂದು ಸೆನ್ಸರಿಗೆ ಕೆಳಗೆ ಮೂರು, ಮೇಲೆ ಮೂರು ಮಿತಿಗಳನ್ನು ಇಡಬಹುದು. ಮಿತಿ ದಾಟಿದ ಗಳಿಗೆ ಬಿಎಂಸಿ ಬರೆದುಕೊಳ್ಳುತ್ತದೆ, ಕೂಗುತ್ತದೆ, ಫ್ಯಾನುಗಳನ್ನು ಪೂರ್ತಿ ವೇಗಕ್ಕೆ ಏರಿಸುತ್ತದೆ.

ಈ ಕೊನೆಯದು ಐರ್ಲೆಂಡಿನಲ್ಲಿ ಸಣ್ಣ ಮಾತಲ್ಲ. ಕ್ಲಾಂಡಾಲ್ಕಿನ್ ಕಡೆಯ ಗ್ರೇಂಜ್ ಕ್ಯಾಸಲ್‌ನಲ್ಲಿ ಕಿಟಕಿಯಿಲ್ಲದ ಉದ್ದುದ್ದ ಕಟ್ಟಡಗಳು ಸಾಲಾಗಿ ನಿಂತಿವೆ. ಬೆಂಗಳೂರಿನಲ್ಲಿ ಕೈ ಪಳಗಿಸಿಕೊಂಡು ಬಂದ ನಮ್ಮವರೂ ಡಬ್ಲಿನ್ನಿನ ಇಂಥ ಕಡೆ ರಾತ್ರಿ ಪಾಳಿ ಮಾಡುತ್ತಾರೆ. ದೇಶದಲ್ಲಿ ಮೀಟರಿಗೆ ಬೀಳುವ ವಿದ್ಯುತ್ತಿನಲ್ಲಿ ಡೇಟಾ ಸೆಂಟರುಗಳ ಪಾಲು 2015ರಲ್ಲಿ ಶೇ. 5 ಇತ್ತು, 2023ರಲ್ಲಿ ಶೇ. 21. ಅಲ್ಲಿನ ಕೇಂದ್ರ ಅಂಕಿಅಂಶ ಕಚೇರಿಯ ಲೆಕ್ಕದಲ್ಲಿ ಪಟ್ಟಣಗಳ ಮನೆಗಳೆಲ್ಲ ಸೇರಿ ಆ ವರ್ಷ ಬಳಸಿದ್ದೂ ಅದಕ್ಕಿಂತ ಕಡಿಮೆ, ಶೇ. 18. ಫ್ಯಾನಿನ ವೇಗ ಎರಡರಷ್ಟಾದರೆ ಅದು ನುಂಗುವ ವಿದ್ಯುತ್ತು ಸುಮಾರು ಎಂಟರಷ್ಟು. ಇಲ್ಲದ ಬಿಸಿಯನ್ನು ಆರಿಸಲು ಒಂದು ಸರ್ವರ್ ರಾತ್ರಿಯಿಡೀ ಕಿರುಚುವುದೆಂದರೆ ಬರೀ ಕಿವಿಯ ತೊಂದರೆಯಲ್ಲ.

ಅಂಕಿಯ ಮುಖ ನೋಡಿಯೂ ತೀರ್ಮಾನವಾಗದಿದ್ದರೆ ನೆರೆಯವರನ್ನು ಕೇಳಬೇಕು. ಇದರ ಒಂದು ಮೇಲ್ಮಟ್ಟದ ಪಾಠ ಐರ್ಲೆಂಡಿನ ಹವಾಮಾನದ ಕಡತದಲ್ಲೇ ಇದೆ. 1887ರ ಜೂನ್ 26ರಂದು ಕಿಲ್ಕೆನಿ ಕೋಟೆಯಲ್ಲಿ ದಾಖಲಾದ 33.3 ಡಿಗ್ರಿ ಶತಮಾನಕ್ಕೂ ಹೆಚ್ಚು ಕಾಲ ದೇಶದ ಅತಿ ಬಿಸಿ ದಿನವೆಂದು ಪುಸ್ತಕಗಳಲ್ಲಿ ಕೂತಿತ್ತು. ಮೇನೂತ್ ವಿಶ್ವವಿದ್ಯಾಲಯದ ತಂಡವೊಂದು ಅದನ್ನು ಮತ್ತೆ ಕೈಗೆತ್ತಿಕೊಂಡಿತು. ಆ ಥರ್ಮಾಮೀಟರ್ ಎಂದೋ ಮಾಯವಾಗಿದೆ, ಪರೀಕ್ಷಿಸಲು ಬರುವುದಿಲ್ಲ. ಆದ್ದರಿಂದ ಅದೇ ದಿನಗಳಲ್ಲಿ ಸುತ್ತಲಿನ ಊರುಗಳು ಬರೆದಿಟ್ಟ ಅಳತೆಗಳನ್ನು ಪಕ್ಕಕ್ಕಿಟ್ಟು ನೋಡಿದರು, ಅಂದಿನ ಗಾಳಿಯ ಸ್ಥಿತಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ ನೋಡಿದರು. ಕಿಲ್ಕೆನಿಯೊಂದೇ ಒಂಟಿಯಾಗಿ ಎತ್ತರದಲ್ಲಿತ್ತು. ಆ ದಾಖಲೆ ನಿಲ್ಲುವಂಥದ್ದಲ್ಲ ಎಂದು 2023ರಲ್ಲಿ ಪ್ರಕಟಿಸಿದರು. ಇದಕ್ಕೆ ತದ್ವಿರುದ್ಧ 2022ರ ಜುಲೈ 18. ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ 33 ಡಿಗ್ರಿ ಮುಟ್ಟಿದ ಆ ದಿನ ಬೇರೆ ಕೇಂದ್ರಗಳೂ ಒಟ್ಟಿಗೇ ಏರಿದ್ದವು.

ರ್‍ಯಾಕಿನ ಮುಂದೆ ನಿಂತವರು ಮಾಡುವುದೂ ಇದನ್ನೇ. ಮೇಲಿನ ಸರ್ವರ್, ಕೆಳಗಿನ ಸರ್ವರ್ 22 ಡಿಗ್ರಿ ಗಾಳಿ ಎಳೆಯುತ್ತಿರುವಾಗ ನಡುವಿನದು ಮಾತ್ರ 60 ಎಳೆಯುತ್ತಿದೆ ಎಂದರೆ ಯಾರು ನಂಬಬೇಕು? ಆದರೆ ಸಾಕ್ಷಿಯನ್ನು ಆರಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಒಂದೇ ತಂತಿಯಲ್ಲಿ ಪೋಣಿಸಿದ ಎರಡು ಸೆನ್ಸರುಗಳು ಒಂದೇ ಮಾತು ಹೇಳಿದರೆ ಅದು ಎರಡು ಸಾಕ್ಷಿಯಲ್ಲ. ಪ್ರೊಸೆಸರಿನೊಳಗೇ ಇರುವ ಅಳತೆ ಬೇರೆ ದಾರಿಯಿಂದ ಬರುತ್ತದೆ, ಡಿಸ್ಕಿನ ಅಳತೆ ಇನ್ನೊಂದು ದಾರಿಯಿಂದ, ಸರ್ವರಿನ ಹಿಂದೆ ಹಿಡಿದ ಅಂಗೈಗೆ ಯಾವ ದಾರಿಯೂ ಬೇಕಿಲ್ಲ.

ತಂತಿಯ ವಿಷಯದಲ್ಲೇ ಒಂದು ವಿಚಿತ್ರ ತೊಂದರೆಯಿದೆ. ಕೆಲವು ಸೆನ್ಸರ್ ಚಿಪ್ಪುಗಳಲ್ಲಿ ಅಂಕಿ ಇಡುವ ರಿಜಿಸ್ಟರುಗಳು ಪುಟಗಳಾಗಿ ಹಂಚಿಕೆಯಾಗಿರುತ್ತವೆ: ಮೊದಲು ಯಾವ ಪುಟ ಎಂದು ಹೇಳಬೇಕು, ಆಮೇಲೆ ಓದಬೇಕು. ಲಿನಕ್ಸಿನ ಡ್ರೈವರ್ ಒಂದು ಪುಟ ತೆರೆದು ಓದಲು ಕೈ ಚಾಚುವಷ್ಟರಲ್ಲಿ ಫರ್ಮ್‌ವೇರ್ ಅದೇ ಚಿಪ್ಪಿಗೆ ಬೇರೆ ಪುಟ ತೆರೆಯಲು ಹೇಳಿದರೆ, ಡ್ರೈವರಿನ ಕೈಗೆ ಸಿಗುವುದು ಫ್ಯಾನಿನ ವೇಗದ ಜಾಗದಲ್ಲಿ ಇನ್ನಾವುದೋ ಅಂಕಿ. ತಿಂಗಳಿಗೊಮ್ಮೆ, ಕಾರಣವಿಲ್ಲದೆ, ಒಂದೇ ಓದಿನಷ್ಟು ಹೊತ್ತು ಬಂದುಹೋಗುವ ಅಲಾರಂ ಹೀಗೂ ಹುಟ್ಟುತ್ತದೆ. ಯಾವ ಭಾಗ ಬದಲಿಸಿದರೂ ಇದು ಹೋಗುವುದಿಲ್ಲ. ಇಬ್ಬರಲ್ಲಿ ಒಬ್ಬರು ಓದುವುದನ್ನು ನಿಲ್ಲಿಸಬೇಕು, ಅಷ್ಟೆ.

ಅಳತೆ ಸರಿಯಿದ್ದು ಮಿತಿ ತಪ್ಪಿರುವುದೂ ಉಂಟು. ಕಿರಿಕಿರಿ ತಾಳದೆ ಯಾರೋ ನಿಧಾನಕ್ಕೆ ತಿರುಗುವ, ಸದ್ದಿಲ್ಲದ ಫ್ಯಾನು ಹಾಕುತ್ತಾರೆ. ಹಳೆಯ ಫ್ಯಾನಿಗೆಂದು ಇಟ್ಟ ಕೆಳಮಿತಿಗಿಂತ ಇದರ ಸಹಜ ವೇಗವೇ ಕಡಿಮೆ. ಫ್ಯಾನು ಸತ್ತಿತೆಂದು ಬಿಎಂಸಿ ಎಲ್ಲವನ್ನೂ ಪೂರ್ತಿ ಓಡಿಸುತ್ತದೆ. ಆಗ ವೇಗ ಮಿತಿಯ ಮೇಲೆ ಬರುತ್ತದೆ, ಸಮಾಧಾನವಾಗಿ ಇಳಿಸುತ್ತದೆ, ಮತ್ತೆ ಕೆಳಗೆ ಬೀಳುತ್ತದೆ. ಮೌನಕ್ಕಾಗಿ ಕೊಂಡ ಫ್ಯಾನು ಉಸಿರುಗಟ್ಟಿದಂತೆ ಏರುತ್ತ ಇಳಿಯುತ್ತ ಮೊದಲಿಗಿಂತ ಹೆಚ್ಚು ತಲೆ ತಿನ್ನುತ್ತದೆ. ಆ ಒಂದು ಫ್ಯಾನಿನ ಕೆಳಮಿತಿಯನ್ನು ಇಳಿಸುವುದು ಒಂದು ಸಾಲಿನ ಆಜ್ಞೆ. ಇನ್ನು ಬೇಕೆಂದೇ ತಪ್ಪು ಹೇಳುವ ಅಳತೆಯೂ ಇದೆ: 2017ರಲ್ಲಿ ಬಂದ ಎಎಂಡಿಯ ರೈಜೆನ್ 1700ಎಕ್ಸ್, 1800ಎಕ್ಸ್ ಪ್ರೊಸೆಸರುಗಳು ಫ್ಯಾನು ಓಡಿಸಲೆಂದು ಕೊಡುತ್ತಿದ್ದ ಅಂಕಿ ನಿಜಕ್ಕಿಂತ 20 ಡಿಗ್ರಿ ಹೆಚ್ಚು. ಗೊತ್ತಿಲ್ಲದವರು ಹೀಟ್‌ಸಿಂಕ್ ಬಿಚ್ಚಿ ಪೇಸ್ಟ್ ಬಳಿದಿದ್ದೇ ಬಳಿದಿದ್ದು.

ಇಷ್ಟಾದರೂ ಸಿಗದಿದ್ದರೆ ಅದಲುಬದಲು. ಎರಡು ಪವರ್ ಸಪ್ಲೈಗಳಲ್ಲಿ ಒಂದರ ಮೇಲೆ ದೂರಿದ್ದರೆ ಜಾಗ ಬದಲಿಸಿ ಕಾಯುತ್ತಾರೆ. ದೂರು ಪೆಟ್ಟಿಗೆಯ ಜೊತೆ ಹೋದರೆ ಪೆಟ್ಟಿಗೆ ಕೆಟ್ಟಿದೆ, ಹಳೆಯ ಜಾಗದಲ್ಲೇ ಉಳಿದರೆ ಬೋರ್ಡು. ಎರಡೂ ಅಲ್ಲದೆ ದೂರೇ ಮಾಯವಾದರೆ ಕನೆಕ್ಟರ್ ಸಡಿಲವಿತ್ತು, ಇಲ್ಲವೇ ಬಿಎಂಸಿಯೇ ಹಳೆಯ ಅಂಕಿ ಹಿಡಿದು ಕೂತಿತ್ತು. ಬಿಎಂಸಿಯನ್ನು ಮಾತ್ರ ರೀಸೆಟ್ ಮಾಡಬಹುದು, ಸರ್ವರ್ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದಕ್ಕೂ ಬಗ್ಗದಿದ್ದರೆ ಕರೆಂಟಿನ ಎರಡೂ ತಂತಿ ಕಿತ್ತು, ಒಳಗೆ ಉಳಿದ ಕರೆಂಟು ಪೂರ್ತಿ ಇಳಿಯಲು ಬಿಡಬೇಕು. ಸರ್ವರನ್ನು ಬರೀ ಆಫ್ ಮಾಡಿದರೆ ಬಿಎಂಸಿ ಮಲಗುವುದೇ ಇಲ್ಲವಲ್ಲ.

ಸುಳ್ಳೆಂದು ಜನ ಬದಿಗೆ ತಳ್ಳುವ, ಆದರೆ ಬಹುಮಟ್ಟಿಗೆ ನಿಜವಾಗಿರುವ ಎಚ್ಚರಿಕೆ ಒಂದಿದೆ: ಮದರ್‌ಬೋರ್ಡಿನ ಗಡಿಯಾರ ಕಾಯುವ ನಾಣ್ಯದಾಕಾರದ ಬ್ಯಾಟರಿಯದು. ಮುಖ್ಯ ಕರೆಂಟು ಇರುವವರೆಗೆ ಅದರ ಅಗತ್ಯವೇ ಬೀಳದ ಕಾರಣ ಸರ್ವರ್ ವರ್ಷಗಟ್ಟಲೆ ಚೆನ್ನಾಗಿಯೇ ಓಡುತ್ತದೆ. ತಂತಿ ಕಿತ್ತ ದಿನ ಗಡಿಯಾರ ಯಾವುದೋ ಹಳೆಯ ವರ್ಷಕ್ಕೆ ಹೋಗಿ ಕೂರುತ್ತದೆ. 3 ವೋಲ್ಟಿನ ಬ್ಯಾಟರಿ ಮಲ್ಟಿಮೀಟರಿನಲ್ಲಿ 2.5 ತೋರಿಸಿದರೆ ವಾದ ಮುಗಿಯಿತು. ಬದಲಿಸಲು ಬೇಕಾದದ್ದು ಎರಡು ನಿಮಿಷ. ಅದಕ್ಕಾಗಿ ಸರ್ವರ್ ನಿಲ್ಲಿಸಲು ಅನುಮತಿ ಸಿಗುವುದು ಮುಂದಿನ ತಿಂಗಳು, ಭಾನುವಾರ ಬೆಳಗಿನ ಮೂರಕ್ಕೆ.