ಉತ್ತರನ ಪೌರುಷಕ್ಕೆ ದಂಡವುಂಟೆ?

‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ನಮ್ಮಲ್ಲಿ ಮನೆಮಾತು. ಅಂತಃಪುರದ ಹೆಂಗಳೆಯರ ನಡುವೆ ಕುಳಿತು, ಭೀಷ್ಮ ದ್ರೋಣರನ್ನೇ ಗೆದ್ದುಬರುವೆನೆಂದು ಕೊಚ್ಚಿಕೊಂಡ ವಿರಾಟಪುತ್ರನು ಕೌರವಸೇನೆಯನ್ನು ಕಂಡೊಡನೆ ರಥದಿಂದಿಳಿದು ಓಡಿದ ಕಥೆಗೆ ನಗದವರಿಲ್ಲ. ಬಡಾಯಿಗೆ ನಗೆಯೇ ತಕ್ಕ ಶಿಕ್ಷೆಯೆಂದು ನಮ್ಮ ಹಿರಿಯರು ಬಗೆದಂತಿದೆ. ಆದರೆ ರಣರಂಗವನ್ನೇ ಕಾಣದವನೊಬ್ಬನು, ತಾನು ರಾಷ್ಟ್ರದ ಅತ್ಯುನ್ನತ ಶೌರ್ಯಪದಕವನ್ನು ಪಡೆದ ಯೋಧನೆಂದು ಸಭೆಯಲ್ಲಿ ಹೇಳಿಕೊಂಡರೆ ಅವನನ್ನು ಸೆರೆಮನೆಗೆ ಕಳುಹಿಸಬಹುದೆ? ಈ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಅಲ್ಲಿನ ನ್ಯಾಯಮೂರ್ತಿಗಳೂ ಒಮ್ಮತಕ್ಕೆ ಬರಲಿಲ್ಲ.

ಆ ದೇಶದ ಅತ್ಯುನ್ನತ ಸೈನಿಕ ಪ್ರಶಸ್ತಿ ‘ಮೆಡಲ್ ಆಫ್ ಆನರ್’. ಅಂತರ್ಯುದ್ಧದ ಕಾಲದಲ್ಲಿ, 1861ರಲ್ಲಿ, ಹುಟ್ಟಿಕೊಂಡ ಈ ಪದಕವು ಇದುವರೆಗೆ ಸಂದಿರುವುದು ಸುಮಾರು 3,500 ಮಂದಿಗೆ ಮಾತ್ರ. ಅವರಲ್ಲಿ ಅನೇಕರಿಗೆ ಅದು ದೊರೆತದ್ದು ಮರಣಾನಂತರ. ಜೀವವನ್ನೇ ತೆತ್ತು ಗಳಿಸಿದ ಇಂಥ ಗೌರವವನ್ನು ಬಾಯಿಮಾತಿನಿಂದ ಕದಿಯುವವರನ್ನು ತಡೆಯಲೆಂದು ‘ಸ್ಟೋಲನ್ ವ್ಯಾಲರ್ ಆಕ್ಟ್’, ಎಂದರೆ ‘ಕದ್ದ ಶೌರ್ಯದ ಕಾಯಿದೆ’, ರಚಿತವಾಯಿತು. 2005ರ ಹೆಸರಿನ ಈ ಕಾಯಿದೆಗೆ ಅಧ್ಯಕ್ಷ ಜಾರ್ಜ್ ಬುಷ್ ಅವರ ಅಂಕಿತ ಬಿದ್ದದ್ದು 2006ರ ಡಿಸೆಂಬರಿನಲ್ಲಿ. ಸೈನಿಕ ಪದಕವನ್ನು ಪಡೆದೆನೆಂದು ಸುಳ್ಳಾಡುವುದೇ ಅಪರಾಧವಾಯಿತು; ಅದಕ್ಕೆ ಆರು ತಿಂಗಳವರೆಗೆ ಸೆರೆವಾಸ. ಸುಳ್ಳು ‘ಮೆಡಲ್ ಆಫ್ ಆನರ್’ ಕುರಿತಾದರೆ ಒಂದು ವರ್ಷದವರೆಗೆ. ಆ ಸುಳ್ಳಿನಿಂದ ಯಾರಿಗೆ ನಷ್ಟವಾಯಿತು, ಹೇಳಿದವನಿಗೆ ಏನು ದಕ್ಕಿತು ಎಂದು ವಿಚಾರಿಸುವ ಗೊಡವೆ ಕಾಯಿದೆಗೆ ಇರಲಿಲ್ಲ.

ಕ್ಯಾಲಿಫೋರ್ನಿಯದ ಒಂದು ನೀರು ಸರಬರಾಜು ಮಂಡಲಿಗೆ ಚುನಾಯಿತನಾಗಿದ್ದ ಸೇವಿಯರ್ ಅಲ್ವಾರೆಜ್ ಎಂಬಾತನು 2007ರ ಜುಲೈ ತಿಂಗಳ ಸಭೆಯೊಂದರಲ್ಲಿ ತನ್ನ ಪರಿಚಯವನ್ನು ಹೇಳಿಕೊಂಡನು. ತಾನು 25 ವರ್ಷ ಮೆರೀನ್ ದಳದಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಅನೇಕ ಸಲ ಗಾಯಗೊಂಡವನು. 1987ರಲ್ಲಿ ‘ಮೆಡಲ್ ಆಫ್ ಆನರ್’ ಪಡೆದವನು! ಇದರಲ್ಲಿ ಒಂದಾದರೂ ನಿಜವಾಗಿರಲಿಲ್ಲ. ಹೆಸರಾಂತ ಹಾಕಿ ತಂಡವೊಂದರಲ್ಲಿ ಆಡಿದ್ದೆನೆಂದೂ, ಮೆಕ್ಸಿಕೋದ ಚಿತ್ರತಾರೆಯೊಬ್ಬಳನ್ನು ವರಿಸಿದ್ದೆನೆಂದೂ ಹೇಳಿಕೊಂಡಿದ್ದ ಮಹಾಶಯನೀತ. ಅವನ ಮೇಲೆ ಮೊಕದ್ದಮೆ ನಡೆದು 5,000 ಡಾಲರುಗಳ ದಂಡ, ಮೂರು ವರ್ಷಗಳ ನಡತೆಯ ನಿಗಾ, 416 ಗಂಟೆಗಳ ಸಮಾಜಸೇವೆ ವಿಧಿಸಲ್ಪಟ್ಟವು. ತಾನಾಡಿದ್ದು ಸುಳ್ಳಲ್ಲವೆಂದು ಅವನು ವಾದಿಸಲಿಲ್ಲ. ಸುಳ್ಳಾಡಿದ ಮಾತ್ರಕ್ಕೆ ದಂಡಿಸುವುದು ಸಂವಿಧಾನವಿತ್ತ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ವಾದಿಸಿದನು.

2012ರ ಜೂನ್ 28ರಂದು ತೀರ್ಪು ಹೊರಬಿದ್ದಿತು. ಆರು ಮಂದಿ ನ್ಯಾಯಮೂರ್ತಿಗಳು ಕಾಯಿದೆ ನಿಲ್ಲದೆಂದರು, ಮೂವರು ಒಪ್ಪಲಿಲ್ಲ. ಅಲ್ವಾರೆಜನ ಮಾತು ಹೇಯವೆಂಬುದರಲ್ಲಿ ಯಾರಿಗೂ ಸಂದೇಹವಿರಲಿಲ್ಲ. ನ್ಯಾಯಾಲಯದಲ್ಲಿ ಪ್ರಮಾಣಮಾಡಿ ಸುಳ್ಳಾಡುವುದು, ಸುಳ್ಳಾಡಿ ಹಣ ಕೀಳುವುದು ಅಪರಾಧವೇ ಸರಿ. ಆದರೆ ಬರಿಯ ಬಡಾಯಿಯನ್ನೂ ದಂಡಿಸುವ ಅಧಿಕಾರ ಸರಕಾರಕ್ಕೆ ಬಂದರೆ ಅದಕ್ಕೆ ಎಲ್ಲೆ ಯಾವುದು? ನಾಳೆ ಯಾವ ಸುಳ್ಳು, ಯಾರ ಸುಳ್ಳು ಎಂದು ಪಟ್ಟಿಮಾಡುವವರು ಯಾರು? ಇದು ನ್ಯಾಯಮೂರ್ತಿ ಕೆನಡಿಯವರ ಅಭಿಪ್ರಾಯದ ತಿರುಳು. ಸುಳ್ಳಿಗೆ ಮದ್ದು ಸತ್ಯವೇ. ಪದಕ ಪಡೆದವರ ಪಟ್ಟಿಯನ್ನು ಜನರ ಕೈಗೆಟಕುವಂತೆ ಇರಿಸಿದರೆ ಕಳ್ಳವೀರನು ತಾನೇ ಬಯಲಾಗುವನೆಂದು ಅವರು ಸೂಚಿಸಿದರು. ಭಿನ್ನಮತದ ಪರವಾಗಿ ಬರೆದ ನ್ಯಾಯಮೂರ್ತಿ ಅಲಿಟೊ ಅವರಾದರೋ, ಇಂಥ ಸುಳ್ಳಿಗೆ ಯಾವ ಬೆಲೆಯೂ ಇಲ್ಲ, ಅದರಿಂದಾಗುವ ಹಾನಿ ಮಾತ್ರ ನಿಜವಾದುದೆಂದರು. ಮಡಿದ ಯೋಧನ ಪದಕವನ್ನು ಪೆಟ್ಟಿಗೆಯಲ್ಲಿ ಜೋಪಾನವಾಗಿರಿಸಿಕೊಂಡ ತಾಯಿಯನ್ನು ನೆನೆದರೆ ಈ ಮಾತನ್ನೂ ತಳ್ಳಿಹಾಕುವುದು ಸುಲಭವಲ್ಲ.

ತೀರ್ಪಿನ ತರುವಾಯ ಎರಡು ಕಾರ್ಯಗಳಾದವು. ಪದಕ ಪಡೆದವರ ಹೆಸರುಗಳನ್ನು ರಕ್ಷಣಾ ಇಲಾಖೆಯು ಅದೇ ವರ್ಷ ಅಂತರ್ಜಾಲದಲ್ಲಿ ಪ್ರಕಟಿಸತೊಡಗಿತು. 2013ರ ಜೂನ್ ತಿಂಗಳಲ್ಲಿ ಅಧ್ಯಕ್ಷ ಒಬಾಮಾ ಅವರು ಹೊಸ ಕಾಯಿದೆಗೆ ಅಂಕಿತ ಹಾಕಿದರು. ಹಣ, ಆಸ್ತಿ ಅಥವಾ ಮತ್ತಾವುದಾದರೂ ಪ್ರತ್ಯಕ್ಷ ಲಾಭವನ್ನು ಪಡೆಯುವ ಉದ್ದೇಶದಿಂದ ಇಂಥ ಪದಕಗಳ ಹೆಸರು ಹೇಳಿ ವಂಚಿಸಿದವನಿಗೆ ಈಗ ಒಂದು ವರ್ಷದವರೆಗೆ ಸೆರೆವಾಸ. ಬಡಾಯಿ ಬಿಡುಗಡೆ ಪಡೆಯಿತು, ವಂಚನೆ ಸಿಕ್ಕಿಬಿದ್ದಿತು.

ನಮ್ಮ ದೇಶದ ಕಾನೂನೂ ಉದ್ದೇಶವನ್ನೇ ಮುಖ್ಯವಾಗಿ ಕೇಳುತ್ತದೆ. 1860ರ ಭಾರತೀಯ ದಂಡಸಂಹಿತೆಯ 140ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 168ನೆಯದಾಗಿ ಉಳಿದುಬಂದಿದೆ. ತನ್ನನ್ನು ಸೈನಿಕನೆಂದು ಜನ ನಂಬಲೆಂಬ ಉದ್ದೇಶದಿಂದ ಸೈನಿಕನ ಉಡುಪನ್ನೋ ಲಾಂಛನವನ್ನೋ ಹೋಲುವುದನ್ನು ಧರಿಸಿದವನಿಗೆ ಮೂರು ತಿಂಗಳವರೆಗೆ ಸೆರೆ, ಇಲ್ಲವೆ 2,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ರಂಗದ ಮೇಲೆ ಸುಬೇದಾರನಾಗಿ ಮೆರೆಯುವ ನಟನು ಯಾರನ್ನೂ ನಂಬಿಸಹೊರಟವನಲ್ಲವಾದುದರಿಂದ ಅವನಿಗೆ ಭಯವಿಲ್ಲ.

ಇನ್ನು ನಮ್ಮ ಉತ್ತರಕುಮಾರನ ವಿಷಯ. ಅವನು ಕೊಚ್ಚಿಕೊಂಡದ್ದು ತಾನು ಮಾಡಲಿರುವ ಯುದ್ಧವನ್ನು ಕುರಿತು. ಅರ್ಜುನನು ಗೆದ್ದುಕೊಟ್ಟ ಮೇಲೆ ತಂದೆ ವಿರಾಟನು ಮಗನನ್ನೇ ಹೊಗಳಹೊರಟಾಗ, ಗೆಲುವು ತನ್ನದಲ್ಲವೆಂದು ಅವನು ಒಪ್ಪಿಕೊಂಡನು. ಒಲೆಯ ಮುಂದೆ ಪೌರುಷ ತೋರಿದವನೂ ಮತ್ತೊಬ್ಬನ ಶೌರ್ಯವನ್ನು ಕದಿಯಲಿಲ್ಲ.