ಗಂಟೆಗೆ 42 ಲಕ್ಷ: ಕಡಲು ಕಾಯುವ 312ರ ಲೆಕ್ಕ

ಶ್ರೀರಂಗಪಟ್ಟಣದ ದ್ವೀಪ ಉದ್ದಕ್ಕೆ ಸುಮಾರು 3 ಮೈಲಿ, ಅಂದರೆ 4.8 ಕಿ.ಮೀ. ತಮಿಳುನಾಡಿನ ಅರಕ್ಕೋಣಂನಲ್ಲಿರುವ ನೌಕಾನೆಲೆ ಐಎನ್‌ಎಸ್ ರಾಜಾಳಿಯ ರನ್‌ವೇ 4.1 ಕಿ.ಮೀ. ಅದನ್ನು ತಂದು ಇಲ್ಲಿ ಉದ್ದಕ್ಕೆ ಹಾಸಿದರೆ ಹೆಚ್ಚುಕಡಿಮೆ ದ್ವೀಪದ ಈ ತುದಿಯಿಂದ ಆ ತುದಿಗೆ ಬರುತ್ತದೆ. ನೌಕಾಪಡೆಯ 312ನೇ ಸ್ಕ್ವಾಡ್ರನ್ನಿನ ಮನೆ ಆ ನೆಲೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಯಾವುದಕ್ಕೂ ಕಡಲಿಲ್ಲ. ಆದರೂ ಮಂಗಳೂರಿನ ತೀರ ಇಲ್ಲಿಂದ ಆಕಾಶಮಾರ್ಗದಲ್ಲಿ 200 ಕಿ.ಮೀ. ಆಸುಪಾಸು. 312ರ ಈಗಿನ ಕಡಲ ಗಸ್ತು ವಿಮಾನ ಪಿ-8ಐಗೆ ಅದು ಕಾಲು ಗಂಟೆಯ ದಾರಿ.

ಸ್ಕ್ವಾಡ್ರನ್ ಶುರುವಾದದ್ದು 1976ರಲ್ಲಿ, ವಾಯುಪಡೆ ಬಳಸಿಬಿಟ್ಟ 5 ಸೂಪರ್ ಕಾನ್‌ಸ್ಟಲೇಷನ್ ವಿಮಾನಗಳಿಂದ. ಅವು ಮೊದಲು ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತವು. ಹಳೆಯ ಸಾಮಾನಿನ ಸಂಸಾರವೆಂದೇ ಹೇಳಬೇಕು. 1988ರಲ್ಲಿ ಸೋವಿಯತ್ ಒಕ್ಕೂಟದಿಂದ 8 ಟಿಯು-142ಎಂ ಬಂದವು. 53 ಮೀಟರ್ ಉದ್ದ, 50 ಮೀಟರ್ ರೆಕ್ಕೆ, ನಾಲ್ಕು ಎಂಜಿನ್. 1992ರಲ್ಲಿ ಗೋವಾದಿಂದ ಅರಕ್ಕೋಣಂಗೆ ಸ್ಕ್ವಾಡ್ರನ್ನಿನ ವಾಸ್ತವ್ಯ ಬದಲಾಯಿತು. 2017ರ ಮಾರ್ಚ್ 29ರಂದು ಟಿಯು-142ಗಳು ನಿವೃತ್ತಿಯಾಗುವಾಗ 29 ವರ್ಷಗಳಲ್ಲಿ 30,000 ಗಂಟೆ ಹಾರಾಟ, ಒಂದೂ ಅಪಘಾತವಿಲ್ಲ. ಅಂಥದೊಂದನ್ನು ಕಾರವಾರದ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಈಗ ನೋಡಬಹುದು.

ಈಗ ದುಡ್ಡಿನ ಮಾತು. 2009ರಲ್ಲಿ 8 ಪಿ-8ಐಗೆ 210 ಕೋಟಿ ಡಾಲರ್ ಒಪ್ಪಂದವಾಯಿತು. 2016ರಲ್ಲಿ ಇನ್ನೂ 4ಕ್ಕೆ ಸುಮಾರು 100 ಕೋಟಿ. ಆಯಾ ಕಾಲದ ದರದಲ್ಲಿ, ಡಾಲರಿಗೆ 48 ಮತ್ತು 67 ರೂಪಾಯಿ ಹಿಡಿದರೆ, ಒಟ್ಟು 16,800 ಕೋಟಿ ರೂಪಾಯಿ. ಮೊದಲ ವಿಮಾನ 2013ರ ಮೇನಲ್ಲಿ ಬಂತು. ಹತ್ತು ವರ್ಷದಲ್ಲಿ ಇವು 40,000 ಗಂಟೆ ದಾಟಿದವು. ಭಾಗಿಸಿ ನೋಡಿ: ಖರೀದಿಯ ದುಡ್ಡೇ ಗಂಟೆಗೆ 42 ಲಕ್ಷ. ಇಂಧನ, ಸಂಬಳ, ಬಿಡಿಭಾಗ ಬೇರೆ.

ದುಬಾರಿ, ನಿಜ. ಆದರೆ ಟಿಯು-142 ವರ್ಷಕ್ಕೆ ತಲಾ 130 ಗಂಟೆ ಹಾರಿದರೆ, ಪಿ-8ಐ ಅದರ ಮೂರು ಪಟ್ಟು ದುಡಿಯುತ್ತಿದೆ. ಹಾರಿದಷ್ಟೂ ಗಂಟೆಯ ಬೆಲೆ ಇಳಿಯುತ್ತದೆ. ಕೆಲಸವೂ ಜಲಾಂತರ್ಗಾಮಿ ಹುಡುಕುವುದಷ್ಟೇ ಅಲ್ಲ. 2020ರಲ್ಲಿ ಲಡಾಖ್‌ನ ಬೆಟ್ಟಗಳ ಮೇಲೂ ಕಣ್ಣಿಡಲು ಹೋಗಿತ್ತು. ಹಣದಲ್ಲಿ ಒಂದು ಪಾಲು ಬೆಂಗಳೂರಿಗೂ ಮರಳಿದೆ: ವಿಮಾನದ ಡೇಟಾ ಲಿಂಕ್ ಬಿಇಎಲ್‌ನದು, ಆಯುಧ ಕೋಣೆಯ ಬಾಗಿಲುಗಳು ಎಚ್‌ಎಎಲ್‌ನವು.

12ರಲ್ಲಿ 4 ಈಗ ಗೋವಾದ 316ನೇ ಸ್ಕ್ವಾಡ್ರನ್ನಿನಲ್ಲಿವೆ. 2021ರಲ್ಲಿ ಇನ್ನೂ 6 ವಿಮಾನಗಳ ಮಾರಾಟಕ್ಕೆ ಅಮೆರಿಕ ಒಪ್ಪಿದಾಗ ಹೇಳಿದ ಅಂದಾಜು 242 ಕೋಟಿ ಡಾಲರ್. ಉಪಕರಣ ಸೇರಿದ ಮೊತ್ತವೇ ಆದರೂ ತಲಾ 40 ಕೋಟಿ. 2009ರಲ್ಲಿ ತಲಾ 26 ಕೋಟಿ ಇತ್ತು. 2016ರಲ್ಲೇ ನಾಲ್ಕರ ಬದಲು ಹತ್ತು ಕೊಂಡಿದ್ದರೆ ಅಗ್ಗವಾಗುತ್ತಿತ್ತೇನೋ.